ಅಪ್ಪನ ಮೂಗು

ನಮ್ಮಪ್ಪ ಬ್ಯಾಂಕಿನ ಕೆಲಸ ಬಿಟ್ಟ ಸುದ್ದಿಯನ್ನು ಅವ್ವನಿಗೆ ಹೇಳಿದ್ದು ಅವಳು ರೊಟ್ಟಿ ಬಡಿಯುತ್ತಿದ್ದ ಹೊತ್ತಿನಲ್ಲಿ. ಕೈತುಂಬ ಹಿಟ್ಟು ಮೆತ್ತಿಕೊಂಡವಳು ಎದ್ದು ಬಂದು ಜಗಳ ತೆಗೆಯಲಾರಳು ಎಂದೇ ಆ ಹೊತ್ತನ್ನು ಆರಿಸಿಕೊಂಡಿದ್ದನೋ ಏನೋ. ನಾಶಿಕದ ಆ ಬಾಡಿಗೆ ಮನೆಯ ಅಡಿಗೆಮನೆಯಲ್ಲಿ ನಿಂತು ಅಡಿಗೆ ಮಾಡುವ ಕಟ್ಟೆಯಿತ್ತು. ಆದರೂ ಅವ್ವ ಗ್ಯಾಸಿನ ಒಲೆಯನ್ನು ನೆಲಕ್ಕಿಳಿಸಿಕೊಂಡು, ಊರಲ್ಲಿ ಕೂತಂತೆಯೇ ಕಾಲು ಮಡಚಿ ಕೂತು ರೊಟ್ಟಿ ಬಡಿಯುತ್ತಿದ್ದಳು. ಕಟ್ಟೆಯ ಮೇಲೆ ದೇವರ ಜಗಲಿ. ವಿಭೂತಿ ಗಟ್ಟಿ, ಪತ್ರಿ, ನೀರು ತುಂಬಿದ ತಂಬಿಗೆ, ಅವಳ ಪೂಜೆಯ ಲಿಂಗ. ವಿಜಾಪುರದಿಂದ ಅಪ್ಪನಿಗೆ ವರ್ಗವಾಗಿ ನಾವು ಈ ಊರಿಗೆ ಬಂದು ನಾಲ್ಕು ವರ್ಷವಾಗಿತ್ತು. ಮನೆಯ ಹೊಸ್ತಿಲು ದಾಟಿದರೆ ಮರಾಠಿ, ಶಾಲೆಯಲ್ಲಿ ಮರಾಠಿ, ನನ್ನ ಕನಸುಗಳೂ ಮರಾಠಿಯಲ್ಲೇ ಬೀಳುತ್ತಿದ್ದವು. ಕನ್ನಡ ಆ ಅಡಿಗೆಮನೆಯಲ್ಲಿ ಮಾತ್ರ ಉಳಿದಿತ್ತು.

"ಮತ್ತ ನಾಳಿಂದ ಎಲ್ಲಿಗೆ ಹೋಗೋರು?" ಅವ್ವ ರೊಟ್ಟಿಯಿಂದ ಕಣ್ಣೆತ್ತದೆ ಕೇಳಿದಳು.

"ದಿಂಡೋರಿ ರೋಡಿನ ಭಾವುಸಾಹೇಬರ ಹತ್ರ. ವೈನರಿ ತಗದಾರಲ್ಲ, ಅಲ್ಲಿ ಒಳಗಿನ ಉಸ್ತುವಾರಿ ನಂದ."

"ವೈನ್ ಅಂದ್ರ ಸೆರೆನ ಹೌದಿಲ್ಲೊ?"

"ಸೆರೆ ಬ್ಯಾರೆ, ವೈನ್ ಬ್ಯಾರೆ. ಇದು ದ್ರಾಕ್ಷಿ ರಸ. ನಮ್ಮ ತಿಕೋಟಾದಾಗ ಒಣಗಿಸಿ ಮಣೂಕ ಮಾಡತಾರ, ಇಲ್ಲಿ ಕೊಳಿಸಿ ವೈನ್ ಮಾಡತಾರ. ಅಷ್ಟ ಫರಕ್."

"ಕೊಳಿಸಿ ಅಂತ ನೀವ ಹೇಳಿದ್ರಿ, ನಾ ಹೇಳಿಲ್ಲ."

ಭಾವುಸಾಹೇಬರು ಅಪ್ಪನ ಬ್ಯಾಂಕಿಗೆ ಬಂದು ಹೋಗುತ್ತಿದ್ದ ದ್ರಾಕ್ಷಿ ತೋಟದವರು. ಅಪ್ಪ ಬ್ಯಾಂಕಿನ ಕೃಷಿ ಅಧಿಕಾರಿ. ಅವರ ತೋಟ ನೋಡಲು ಹೋಗಿ, ಬಳ್ಳಿ, ಮಣ್ಣು, ನೀರು ಅಂತ ಮಾತಾಡಿ ಅವರ ಗೆಳೆತನ ಸಂಪಾದಿಸಿದ್ದ. ಆ ದಿನಗಳಲ್ಲಿ ನಾಶಿಕದ ಸುತ್ತ ಒಂದರ ಹಿಂದೊಂದು ವೈನರಿಗಳು ಏಳುತ್ತಿದ್ದವು. ಮುಂಬಯಿಯಿಂದ ಕಾರಿನಲ್ಲಿ ಜನ ಬಂದು, ತೆಳ್ಳನೆಯ ಗಾಜಿನ ಲೋಟ ಹಿಡಿದು, ಬಳ್ಳಿಗಳ ನಡುವೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಬ್ಯಾಂಕಿನಲ್ಲಿ ಅಪ್ಪ 'ಕಾನಡಿ ಸಾಹೇಬ'. ಅವನ ಮರಾಠಿಗೆ ಹಿಂದಿನಿಂದ ನಗುವವರಿದ್ದರು. ಆ ತೋಟದಲ್ಲಿ, ಆ ಲೋಟ ಹಿಡಿದವರ ನಡುವೆ, ಅವನ ಮಾತಿಗೆ ತಲೆದೂಗುವವರಿದ್ದರು. ಅವನು ಸೋತದ್ದು ಅದಕ್ಕೇ ಎಂದು ಈಗ ಅನ್ನಿಸುತ್ತದೆ.

ಅವ್ವನಿಗೆ ಸೆರೆ ಎಂಬ ಮಾತೇ ಆಗುತ್ತಿರಲಿಲ್ಲ. ಅವಳಪ್ಪ, ಅಂದರೆ ನಾನು ನೋಡದ ನನ್ನಜ್ಜ, ಕುಡಿದು ಕುಡಿದೇ ಸತ್ತವನು. ಚಿಕ್ಕವಳಿದ್ದಾಗ ಅಂಗಡಿಯಿಂದ ಬಾಟಲಿ ತರಲು ಅವಳನ್ನೇ ಕಳಿಸುತ್ತಿದ್ದನಂತೆ. ಲಂಗದ ಮಡಿಕೆಯಲ್ಲಿ ಮುಚ್ಚಿಕೊಂಡು ಓಣಿ ದಾಟಬೇಕು. ಇದನ್ನು ಅವ್ವ ನನಗೆ ಒಮ್ಮೆ ಮಾತ್ರ ಹೇಳಿದ್ದಳು, ಅದೂ ನನ್ನ ಜಡೆ ಹೆಣೆಯುತ್ತ, ಮುಖ ತೋರಿಸದೆ. ಆದರೂ ಆ ದಿನ ಅವಳು ಅಳಲಿಲ್ಲ, ಕೂಗಾಡಲಿಲ್ಲ. ಕೈ ತೊಳೆದು ಬಂದು ಜಗಲಿಯ ಮುಂದೆ ನಿಂತು ಅಪ್ಪನನ್ನು ಕರೆದಳು. ಲಿಂಗದ ಮೇಲೆ ಕೈ ಇಟ್ಟು ಅವನು ಎರಡು ಮಾತು ಕೊಟ್ಟ. ತಾನು ಒಂದು ಹನಿಯನ್ನೂ ನುಂಗುವುದಿಲ್ಲ. ಈ ಮನೆಯ ಹೊಸ್ತಿಲೊಳಗೆ ಅದನ್ನು ತರುವುದಿಲ್ಲ.

"ಅಲ್ಲಿ ರುಚಿ ನೋಡಬೇಕಾಗತೈತಿ. ಆದ್ರ ನುಂಗೂದಿಲ್ಲ. ಬಾಯಾಗ ಹಾಕ್ಕೊಂಡು ಉಗುಳೂದು," ಎಂದು ಅವನು ತಿಳಿಸಿ ಹೇಳಿದ.

"ಉಗುಳೂದಕ್ಕ ಪಗಾರ ಕೊಡತಾರೇನ್ರಿ?" ಅವ್ವ ಕೇಳಿದಳು. ನಾನು ನಕ್ಕೆ. ಅಪ್ಪನೂ ನಕ್ಕ. ಅವಳು ನಗಲಿಲ್ಲ.

ನಮ್ಮ ಕೆಳಗಿನ ಮನೆಯಲ್ಲಿ ಫಿಲೋಮಿನಾ ಬಾಯಿ ಎಂಬ ನಿವೃತ್ತ ನರ್ಸ್ ಇದ್ದರು. ಕ್ರಿಸ್‌ಮಸ್ಸಿಗೆ ಮುಂಚೆ ಅವರು ಉಪ್ಪಿನಕಾಯಿ ಭರಣಿಯಲ್ಲಿ ಕಪ್ಪು ದ್ರಾಕ್ಷಿ, ಸಕ್ಕರೆ, ಎರಡು ಲವಂಗ ಹಾಕಿ ಬಟ್ಟೆ ಕಟ್ಟಿ ಇಡುತ್ತಿದ್ದರು. ಅವರ ದೇವಾಲಯದಲ್ಲಿ ಪಾದ್ರಿಗಳು ಪೂಜೆಯಲ್ಲಿ ಅಂಥದೇ ವೈನನ್ನು ಎತ್ತಿ ಹಿಡಿಯುತ್ತಾರೆಂದು ನಾನು ಅವ್ವನಿಗೆ ಹೇಳಿದಾಗ ಅವಳು ತುಸು ಯೋಚಿಸಿ, "ಹಂಗಾದ್ರ ಅದು ಅವರ ತೀರ್ಥ. ತೀರ್ಥಾದ ಮ್ಯಾಲೆ ಸೆರೆ ಅಲ್ಲ," ಎಂದು ತೀರ್ಪು ಕೊಟ್ಟಳು. ಅಪ್ಪ ಇದನ್ನೇ ಹಿಡಿದುಕೊಂಡ. "ನೀನ ಅಂದೆಲ್ಲ, ಅವರದು ತೀರ್ಥ ಆದ್ರ ನಮ್ದು ಯಾಕ ಸೆರೆ?" ಅವ್ವ ಸೊಪ್ಪು ಸೋಸುತ್ತ, "ನಿಮ್ಮದು ಯಾವ ದೇವರಿಗೆ ಏರಸ್ತೀರಿ ಹೇಳ್ರಿ," ಅಂದಳು. ಭಾವುಸಾಹೇಬರ ಕಟ್ಟಡದ ಕೆಲಸಕ್ಕೆ ಅಫಜಲಪುರ ಕಡೆಯ ಕೂಲಿ ಹೆಂಗಸರು ಬಂದಿದ್ದರು. ಅವರ ಕನ್ನಡ ಕೇಳುವ ಆಸೆಗೆ ಅವ್ವ ಒಮ್ಮೆ ಅಲ್ಲಿಗೆ ಹೋಗಿ ಅವರೊಡನೆ ಕೂತು ಮಾತಾಡಿ ಬಂದಳು. ಅವರ ಗಂಡಂದಿರು ಸಂಜೆ ಕುಡಿಯುತ್ತಿದ್ದುದು ಪ್ಲಾಸ್ಟಿಕ್ ಚೀಲದ ದಾರು. ಅವರು ಇಟ್ಟಿಗೆ ಹೊತ್ತು ಕಟ್ಟಿದ ಕೋಣೆಯಲ್ಲಿ ಮುಂದೆ ಮುಂಬಯಿಯವರು ಲೋಟ ಹಿಡಿದು ನಿಂತರು. ಕುಡಿಯುವುದು ಒಂದೇ ಆದರೂ ಒಬ್ಬೊಬ್ಬರ ಕೈಯಲ್ಲಿ ಅದಕ್ಕೆ ಒಂದೊಂದು ಹೆಸರು, ಒಂದೊಂದು ಮರ್ಯಾದೆ. ಹನ್ನೊಂದು ವರ್ಷದ ನನಗೆ ಇಷ್ಟು ಮಾತ್ರ ತಿಳಿದಿತ್ತು: ನಮ್ಮ ಮನೆಯಲ್ಲಿ ಅದರ ಹೆಸರು ಸೆರೆ, ಅದಕ್ಕೆ ಒಳಗೆ ಜಾಗವಿಲ್ಲ.

ಮೊದಲ ಸುಗ್ಗಿಯ ಹೊತ್ತಿಗೆ, ಫೆಬ್ರುವರಿಯ ಒಂದು ಭಾನುವಾರ, ಅಪ್ಪ ನನ್ನನ್ನು ಸ್ಕೂಟರಿನ ಮೇಲೆ ಕೂರಿಸಿಕೊಂಡು ವೈನರಿಗೆ ಕರೆದೊಯ್ದ. ಒಳಗೆ ತಂಪು. ಆಳೆತ್ತರಕ್ಕಿಂತ ಎತ್ತರದ ಉಕ್ಕಿನ ಟ್ಯಾಂಕುಗಳು ಸಾಲಾಗಿ ನಿಂತಿದ್ದವು. ಅಪ್ಪ ಒಂದೊಂದರ ನಲ್ಲಿ ತಿರುಗಿಸಿ ಲೋಟಕ್ಕೆ ಸ್ವಲ್ಪ ಬಿಟ್ಟು, ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ ಗಂಭೀರವಾಗಿ ನಿಲ್ಲುತ್ತಿದ್ದ. ನಾಲ್ಕನೆಯ ಟ್ಯಾಂಕಿನ ಹತ್ತಿರ ನನಗೆ ತಡೆಯಲಾಗಲಿಲ್ಲ.

"ಅಪ್ಪಾ, ಇದು ಬೆಂಕಿಕಡ್ಡಿ ಗೀರಿದಂಗ ವಾಸನಿ ಬರತೈತಿ."

ಅವನು ಕಣ್ಣು ತೆರೆದ. ಲೋಟವನ್ನು ನನ್ನ ಮೂಗಿನ ಬಳಿ ತಂದ. "ಇನ್ನೊಮ್ಮೆ ನೋಡು."

"ಬೆಂಕಿಕಡ್ಡಿ. ಆಮ್ಯಾಲೆ ತೊಯ್ದ ಗೋಣಿಚೀಲ."

"ಮಗ್ಗಲಿಂದು?"

"ಅದು ಚೊಲೋ ಐತಿ. ಹುಣಸಿ ಹಣ್ಣು, ಹಸಿ ಬೆಲ್ಲ. ಕಡೀಕ ಗುರೆಳ್ಳ ಹಿಂಡಿ ಹುರದಂಗ."

ಅವನು ಸುತ್ತ ನೋಡಿ, ನನ್ನನ್ನು ಟ್ಯಾಂಕುಗಳ ಹಿಂದಿನ ಕಿರಿದಾದ ಓಣಿಗೆ ಕರೆದುಕೊಂಡು ಹೋದ. ಅಲ್ಲಿ ಕುಕ್ಕರಗಾಲಲ್ಲಿ ಕೂತು, ನನ್ನ ಎರಡೂ ಕೈ ಹಿಡಿದುಕೊಂಡು, ಧಾರವಾಡದಲ್ಲಿ ಓದುವಾಗ ಬಂದ ಒಂದು ದೊಡ್ಡ ಜ್ವರದ ಕಥೆ ಹೇಳಿದ. ಜ್ವರ ಇಳಿಯಿತು, ಮೂಗು ಮಾತ್ರ ಸತ್ತಿತು. ನಾಲಿಗೆಗೆ ಖಾರ, ಹುಳಿ, ಸಿಹಿ ಇಷ್ಟೇ ಗೊತ್ತಾಗುತ್ತದೆ. ಮಲ್ಲಿಗೆಯೂ ಒಂದೇ, ಸಗಣಿಯೂ ಒಂದೇ. ಭಾವುಸಾಹೇಬರಿಗೆ ಇದನ್ನು ಹೇಳಿಲ್ಲ, ಕೆಲಸ ಸಿಕ್ಕಮೇಲೆ ಹೇಳುವ ದಾರಿಯೂ ಇಲ್ಲ. ಹೊರದೇಶದ ಸಲಹೆಗಾರ ವರ್ಷಕ್ಕೊಮ್ಮೆ ಬಂದು ಹೋಗುತ್ತಾನೆ. ಉಳಿದ ದಿನಗಳಲ್ಲಿ ಯಾವ ಟ್ಯಾಂಕು ಒಳ್ಳೆಯದು, ಯಾವುದು ಕೆಡುತ್ತಿದೆ, ಯಾವುದನ್ನು ಯಾವುದಕ್ಕೆ ಕೂಡಿಸಬೇಕು ಎಂದು ಹೇಳಬೇಕಾದವನು ಇವನೇ.

"ಇದು ನಿಮ್ಮವ್ವಗೂ ಗೊತ್ತಿಲ್ಲ. ನಿನಗೊಬ್ಬಾಕಿಗೆ ಹೇಳೇನಿ, ಅಶು," ಅಂದ.

ನನ್ನ ಬಾಲ್ಯದಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಬಹುಮಾನ ಅದು. ಅಪ್ಪನ ಗುಟ್ಟು ನನ್ನ ಹತ್ತಿರ, ನನ್ನೊಬ್ಬಳ ಹತ್ತಿರ. ಅಂದಿನಿಂದ ಅವನು ಹೋಮಿಯೋಪತಿ ಔಷಧದ ಪುಟ್ಟ ಬಾಟಲಿಗಳಲ್ಲಿ ನಂಬರು ಚೀಟಿ ಅಂಟಿಸಿ ಮನೆಗೆ ತರತೊಡಗಿದ. ಅವ್ವನಿಗೆ ಕೊಟ್ಟ ಎರಡನೆಯ ಮಾತು ಮುರಿದದ್ದು ಹೀಗೆ, ಅಂಗಿಯ ಜೇಬಿನಲ್ಲಿ ಹಿಡಿಸುವಷ್ಟು ಸಣ್ಣದಾಗಿ. ಭಾನುವಾರ ಬೆಳಿಗ್ಗೆ ಅವ್ವ ಪಂಚವಟಿ ಕಡೆ ಸಂತೆಗೆ ಹೋದಾಗ ನಾವಿಬ್ಬರೂ ಹೊಲಿಗೆ ಯಂತ್ರದ ಮುಂದೆ ಕೂರುತ್ತಿದ್ದೆವು. ಅವನು ಮುಚ್ಚಳ ತೆಗೆಯುತ್ತಿದ್ದ, ನಾನು ಮೂಸುತ್ತಿದ್ದೆ. ನಾನು ಒಂದು ಹನಿಯನ್ನೂ ನಾಲಿಗೆಗೆ ಹಚ್ಚಲಿಲ್ಲ, ಅವನೂ ಹಚ್ಚಗೊಡಲಿಲ್ಲ. ವಾಸನೆಗಳ ಹೆಸರೆಲ್ಲ ನನಗೆ ಕನ್ನಡದಲ್ಲೇ ಬರುತ್ತಿದ್ದವು, ಯಾಕೆಂದರೆ ವಾಸನೆ ಕಲಿತದ್ದು ಅವ್ವನ ಅಡಿಗೆಮನೆಯಲ್ಲಿ. ಬೆಣ್ಣೆ ಕಾಸುವಾಗ ತಳದಲ್ಲಿ ಉಳಿಯುವ ಗಸಿ, ಕೆಂಡದಲ್ಲಿ ಸುಟ್ಟ ಬದನೆಕಾಯಿ, ಹಸಿ ಅರಿಷಿಣ, ಹೊಸ ಮಡಕೆಯ ಮೊದಲ ನೀರು. ಅಪ್ಪ ಅವನ್ನು ಹಾಗೆಯೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಪಕ್ಕದಲ್ಲಿ ಪುಸ್ತಕ ನೋಡಿ ಇಂಗ್ಲಿಷಿನಲ್ಲಿ ನಾವಿಬ್ಬರೂ ಕಾಣದ ಹಣ್ಣುಗಳ ಹೆಸರು ಬರೆಯುತ್ತಿದ್ದ. ಸೋಮವಾರ ಅದನ್ನು ಬಾಯಿಪಾಠ ಮಾಡಿಕೊಂಡು ಹೋಗುತ್ತಿದ್ದ.

ಅವನ ಹೆಸರು ಬೆಳೆಯಿತು. ಒಮ್ಮೆ ಭಾವುಸಾಹೇಬರು ಸಂಕ್ರಾಂತಿಯ ಎಳ್ಳುಂಡೆ ಹಿಡಿದು ಮನೆಗೆ ಬಂದು, ಅವ್ವನ ಮುಂದೆಯೇ ಅಪ್ಪನ ಬೆನ್ನು ತಟ್ಟಿ, "ವಹಿನಿ, ಯಾಂಚಂ ನಾಕ್ ಸೋನ್ಯಾಚಂ ಆಹೆ," ಅಂದರು. ಅತ್ತಿಗೆ, ಇವರ ಮೂಗು ಚಿನ್ನದ್ದು ಎಂದು. ಅವ್ವ ಚಹಾ ಲೋಟ ಇಟ್ಟು ಒಳಗೆ ಹೋದಳು. ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ. ಅಪ್ಪ ನನ್ನ ಕಡೆ ನೋಡಿ ಒಂದು ಕಣ್ಣು ಮಿಟುಕಿಸಿದ. ಅದೊಂದು ಮಿಟುಕಿಗೆ ನಾನು ವಾರವಿಡೀ ಹಿಗ್ಗಿದೆ.

ಏಳನೆಯ ಇಯತ್ತೆಯ ಪರೀಕ್ಷೆ ಇನ್ನೆರಡು ದಿನಕ್ಕೆ ಮುಗಿಯುವುದಿತ್ತು. ಮಧ್ಯಾಹ್ನ ಶಾಲೆಯಿಂದ ಬಂದಾಗ ಅಡಿಗೆಮನೆಯ ಕಟ್ಟೆಯ ಮೇಲೆ, ಜಗಲಿಯಿಂದ ಸಾಕಷ್ಟು ದೂರಕ್ಕೆ, ಆರು ಬಾಟಲಿಗಳು ಸಾಲಾಗಿ ನಿಂತಿದ್ದವು. ದಾರದುಂಡೆ ಹುಡುಕುತ್ತ ಅವ್ವ ನಾವು ಅವನ್ನು ಬಚ್ಚಿಡುತ್ತಿದ್ದ ಹೊಲಿಗೆ ಯಂತ್ರದ ಒಳಖಾನೆ ತೆಗೆದಿದ್ದಳು. ಮುಚ್ಚಳ ತೆಗೆದು ಮೂಸಿದರೆ ಸಾಕು, ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅಪ್ಪ ಬರುವವರೆಗೂ ಕಟ್ಟೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದಳು. ಅಪ್ಪ ಸಂಜೆ ಐದಕ್ಕೆ ಬಂದ.

"ಇವು ಯಾರು ತಂದ್ರು?"

ಅವನು ಬಾಟಲಿಗಳನ್ನು ನೋಡಿದ. ನನ್ನನ್ನು ನೋಡಿದ. ನನಗೆ ಇನ್ನೂ ನೆನಪಿದೆ, ನನಗೆ ಭಯವಾಗಿರಲಿಲ್ಲ. ಈಗ ಎಲ್ಲವೂ ಹೊರಬರುತ್ತದೆ, ನನ್ನ ಮೂಗಿನ ಸಂಗತಿ ಅವ್ವನಿಗೂ ಗೊತ್ತಾಗುತ್ತದೆ, ಬೈಗುಳದ ನಂತರ ಅವಳಿಗೂ ಹೆಮ್ಮೆ ಅನ್ನಿಸುತ್ತದೆ ಎಂದೇ ಕಾಯುತ್ತಿದ್ದೆ.

"ಕೆಳಗ ಸ್ಕೂಟರಿನ ಡಿಕ್ಕ್ಯಾಗಿಂದ ಅಶು ತಗೊಂಡಿರಬೇಕು," ಅಂದ ಅಪ್ಪ. "ಲ್ಯಾಬಿನ ಸ್ಯಾಂಪಲ್ ಅವು. ನಾನೂ ಎಣಿಸಿದಾಗ ಕಡಿಮಿ ಬರತಿದ್ದವು. ಹುಡುಗು ಬುದ್ಧಿ, ಬಿಡು."

ಅಷ್ಟು ಹೇಳಿ ಬಗ್ಗಿ ಬೂಟಿನ ಲೇಸು ಬಿಚ್ಚತೊಡಗಿದ. ಆ ಗಂಟು ಬಿಚ್ಚಲು ಅವನಿಗೆ ಬಹಳ ಹೊತ್ತು ಹಿಡಿಯಿತು.

"ಕುಡದಿಯೇನ?" ಅವ್ವ ನನ್ನನ್ನು ಕೇಳಿದಳು.

"ಇಲ್ಲ."

"ಮತ್ಯಾಕ ತಗೊಂಡಿ?"

"ವಾಸನಿ ನೋಡಾಕ," ಅಂದೆ. ಅದು ಸುಳ್ಳಾಗಿರಲಿಲ್ಲ. ಅಪ್ಪನ ಗುಟ್ಟನ್ನು ಅಪ್ಪನೇ ಹೇಳಲಿ ಎಂದು ಕಾದೆ. ಅವನು ಬೂಟು ಬಿಚ್ಚಿ, ಸಾಕ್ಸು ಬಿಚ್ಚಿ, ಕಾಲು ತೊಳೆಯಲು ಹೋದ. ಅವ್ವ ಹೊಡೆಯಲಿಲ್ಲ. ಆರೂ ಬಾಟಲಿ ಬಚ್ಚಲಿಗೆ ಸುರಿದು, ಬಿಸಿನೀರಿಗೆ ಉಪ್ಪು ಹಾಕಿ ನನಗೆ ಬಾಯಿ ಮುಕ್ಕಳಿಸಲು ಕೊಟ್ಟಳು. ನಾನು ಉಗುಳಿ ಮುಗಿಸುವವರೆಗೂ ನನ್ನ ಗದ್ದ ಹಿಡಿದಿದ್ದಳು. ಆಮೇಲೆ ಔರಂಗಾಬಾದಿಗೆ, ಈಗ ಛತ್ರಪತಿ ಸಂಭಾಜಿನಗರ ಎನ್ನುತ್ತಾರೆ, ತನ್ನ ತಂಗಿಗೆ ಫೋನು ಮಾಡಿದಳು. ಮೌಶಿಗೆ, ಅಂದರೆ ಆ ಚಿಕ್ಕಮ್ಮನಿಗೆ, ಮಕ್ಕಳಿರಲಿಲ್ಲ, ಅವಳ ಗಂಡ ಕಾಕಾ ಅಲ್ಲಿ ಕೇಂದ್ರ ಸರಕಾರದ ಕಚೇರಿಯಲ್ಲಿದ್ದರು. ಆ ವಾಸನೆ ಬರುವ ಮನುಷ್ಯನ ಜೊತೆ ಈ ಹುಡುಗಿ ಇರುವುದು ಬೇಡ, ಅಲ್ಲೇ ಶಾಲೆಗೆ ಹಾಕಿಬಿಡು ಎಂದಳು. ಪರೀಕ್ಷೆ ಮುಗಿದ ಮರುದಿನ ಅಪ್ಪನೇ ನನ್ನನ್ನು ಬಿಡಲು ಹೊರಟ. ಬಸ್ಸು ಯೇವಲಾದಲ್ಲಿ ನಿಂತಾಗ ಕಬ್ಬಿನ ಹಾಲು ಕೊಡಿಸಿ, ದನಿ ತಗ್ಗಿಸಿ ಹೇಳಿದ:

"ಒಂದ ವರ್ಷ ಅಷ್ಟ. ಆಮ್ಯಾಲೆ ನಾ ನಿಮ್ಮವ್ವಗ ಎಲ್ಲಾ ಹೇಳತೀನಿ. ಈಗ ಹೇಳಿದ್ರ ಕೆಲಸಾನೂ ಹೋಗತೈತಿ, ಮನೀನೂ ಹೋಗತೈತಿ. ನೀ ಶಾಣ್ಯಾಕಿ, ನಿನಗ ತಿಳೀತೈತಿ."

ನನಗೆ ತಿಳಿಯಲಿಲ್ಲ. ಆದರೆ ತಿಳಿಯಿತು ಎಂದು ತಲೆಯಾಡಿಸಿದೆ. ಅವನು ನನ್ನನ್ನು ಶಾಣ್ಯಾಕಿ ಅಂದಿದ್ದನಲ್ಲ.

ಮೌಶಿ ಕೆಟ್ಟವಳಲ್ಲ. ನನಗೆಂದು ಹೊಸ ಗಾದಿ ಹೊಲಿಸಿದ್ದಳು, ಕಿಟಕಿಯ ಪಕ್ಕದ ಮೇಜು ಬಿಟ್ಟುಕೊಟ್ಟಿದ್ದಳು. ಆದರೆ ಅಕ್ಕ ಒಪ್ಪಿಸಿದ ಕೆಲಸವನ್ನು ಚಾಚೂ ತಪ್ಪದೆ ಮಾಡುವವಳು. ದಿನವೂ ಶಾಲೆಯಿಂದ ಬಂದು ಚಪ್ಪಲಿ ಬಿಡುವ ಮೊದಲೇ ಬಾಗಿಲಲ್ಲಿ ನಿಂತು, "ಬಾಯಿ ತೆರಿ," ಅನ್ನುತ್ತಿದ್ದಳು. ನಾನು ಬಾಯಿ ತೆರೆದು ಉಸಿರು ಬಿಡಬೇಕು. ಅವಳು ಮುಖ ತಂದು ಮೂಸಿ, "ಹಾಂ, ಹೋಗು," ಅನ್ನಬೇಕು. ಮೊದಲ ವಾರ ನಾನು ಬಚ್ಚಲಲ್ಲಿ ಕೂತು ಅತ್ತೆ. ಆಮೇಲೆ ಅವಳು ಕೇಳುವ ಮೊದಲೇ ಬಾಯಿ ತೆರೆಯತೊಡಗಿದೆ. ಓಣಿಯ ಗೆಳತಿಯರ ಮುಂದೆಯೂ ಇದು ತಪ್ಪುತ್ತಿರಲಿಲ್ಲ. ಯಾಕೆ ಎಂದು ಅವರು ಕೇಳಿದರೆ, ಹಲ್ಲು ಹುಳುಕಾಗಿದೆ, ಅದಕ್ಕೆ ನೋಡುತ್ತಾಳೆ ಎಂದು ಮರಾಠಿಯಲ್ಲಿ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ.

ಅದೇ ಮನೆಯಲ್ಲಿ ಶನಿವಾರ ಸಂಜೆ ಆರೂವರೆಗೆ ಕಾಕಾ ಸ್ನಾನ ಮಾಡಿ, ಬನಿಯನ್ನು ಹಾಕಿಕೊಂಡು, ವರಾಂಡದ ಕುರ್ಚಿಯಲ್ಲಿ ಕೂರುತ್ತಿದ್ದರು. ಛಾವಣಿಯ, ಅಂದರೆ ಮಿಲಿಟರಿ ಕ್ಯಾಂಪಿನ, ಗೆಳೆಯರೊಬ್ಬರು ತಂದುಕೊಡುವ ರಮ್ ಬಾಟಲಿ ಕಪಾಟಿನಿಂದ ಹೊರಬರುತ್ತಿತ್ತು. ಮೌಶಿ ಶೇಂಗಾ ಹುರಿದು, ಉಳ್ಳಾಗಡ್ಡಿ ಹೆಚ್ಚಿ, ಲಿಂಬೆ ಹಿಂಡಿ ತಟ್ಟೆಯಲ್ಲಿ ಇಟ್ಟು ಬರುತ್ತಿದ್ದಳು. ಆ ಮನೆಯಲ್ಲಿ ಅದಕ್ಕೆ 'ಔಷಧಿ' ಎಂದು ಹೆಸರು. ಒಂದು ದಿನ ನಾನು ಕೇಳಿಯೇಬಿಟ್ಟೆ.

"ಮೌಶಿ, ಕಾಕಾನ ಬಾಯಿ ಯಾಕ ನೋಡಂಗಿಲ್ಲ ನೀ?"

"ಅವರು ಗಂಡಸರು. ವಾರೆಲ್ಲ ದುಡದಿರತಾರ," ಅಂದಳು. ಹೇಳಿದ ಮೇಲೆ ಅವಳಿಗೇ ಏನೋ ಅನ್ನಿಸಿರಬೇಕು. ಮರುದಿನ ನನ್ನ ಬಾಯಿ ಮೂಸುವಾಗ ನನ್ನ ಕಣ್ಣು ನೋಡಲಿಲ್ಲ. ಆದರೆ ಮೂಸುವುದನ್ನು ಬಿಡಲಿಲ್ಲ.

ಪಂಚಮಿ ಹಬ್ಬ ಬಂತು. ನಮ್ಮ ಕಡೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ ಅದು. ನನ್ನನ್ನು ಕರೆಯುತ್ತಾರೆ ಎಂದು ವಾರದ ಮೊದಲೇ ಬಟ್ಟೆ ಮಡಚಿ ಇಟ್ಟಿದ್ದೆ. ಅಪ್ಪ ಬಂದ, ಆದರೆ ಕರೆಯಲು ಬಂದಿರಲಿಲ್ಲ. ಅವ್ವ ಕಟ್ಟಿದ ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟಿನ ಡಬ್ಬಿ ತಂದಿದ್ದ. ಹುಡುಗಿಯನ್ನು ತಿರುಗಾಡಿಸಿಕೊಂಡು ಬರುತ್ತೇನೆ ಎಂದು ಮೌಶಿಗೆ ಹೇಳಿ, ರಿಕ್ಷಾದಲ್ಲಿ ಮಕ್‌ಬರಾದ ಹಳೆಯ ಗೋರಿಯ ತೋಟಕ್ಕೆ ಕರೆದುಕೊಂಡು ಹೋದ. ಮೋಡ ಮುಚ್ಚಿದ ಮಧ್ಯಾಹ್ನ. ಹುಲ್ಲಿನ ಮೇಲೆ ಕೂತು ಇಬ್ಬರೂ ಒಂದೊಂದು ಉಂಡಿ ತಿಂದೆವು. ನನ್ನ ಶಾಲೆ ಹೇಗಿದೆ ಎಂದು ಅವನು ಕೇಳುತ್ತಾನೆ, ರಾತ್ರಿ ನಿದ್ದೆ ಬರುತ್ತದೆಯೇ ಎಂದು ಕೇಳುತ್ತಾನೆ, ಬಾಯಿ ಮೂಸುವ ಸಂಗತಿಯನ್ನು ಹೇಗೆ ಹೇಳಲಿ ಎಂದು ನಾನು ಮನಸ್ಸಿನಲ್ಲಿ ಮಾತು ಜೋಡಿಸುತ್ತಿದ್ದೆ. ಅವನು ಉಂಡಿಯ ಚೀಲದ ತಳಕ್ಕೆ ಕೈ ಹಾಕಿ ಮೂರು ಪುಟ್ಟ ಬಾಟಲಿ ತೆಗೆದ.

"ಲಗೂನ ನೋಡಿಬಿಡು. ಐದರ ಬಸ್ಸಿಗೆ ಹೋಗಬೇಕು ನಾ."

ನಾನು ಬಾಟಲಿ ಮುಟ್ಟಲಿಲ್ಲ. "ಅವ್ವಗ ಹೇಳಿದಿ?"

"ಹೇಳತೀನಿ. ಈ ಬಾಟ್ಲಿಂಗ್ ಒಂದು ಮುಗೀಲಿ. ದೊಡ್ಡ ಮಾಲು ಐತಿದು, ಎರಡು ಟ್ಯಾಂಕ್ ಕೂಡಸೂದೈತಿ. ತಪ್ಪಿದ್ರ ಕಷ್ಟ."

"ನಾ ಯಾವಾಗ ಮನಿಗೆ ಬರೂದು?"

"ಬರೂವಂತಿ. ನೋಡು ಮೊದಲ."

ಮೊದಲ ಎರಡನ್ನು ಮೂಸಿ ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಮೂರನೆಯದರ ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಚುಚ್ಚಿತು. ಉಗುರಿಗೆ ಹಚ್ಚುವ ಬಣ್ಣದ ವಾಸನೆ, ಅದರ ಹಿಂದೆ ಹುಳಿ ಹತ್ತಿದ ಅಂಬಲಿ. ಕೆಟ್ಟು ಹೋಗುತ್ತಿರುವ ಮಾಲು ಅದು, ಎಂಥವರಿಗೂ ತಿಳಿಯುವಂಥದ್ದು. ಅಪ್ಪ ನೋಟ್‌ಬುಕ್ಕು ತೊಡೆಯ ಮೇಲಿಟ್ಟು, ಪೆನ್ನಿನ ಟೋಪಿ ಬಾಯಲ್ಲಿ ಕಚ್ಚಿಕೊಂಡು ಕಾಯುತ್ತಿದ್ದ. ಅವನ ಮುಖದಲ್ಲಿ ಎಂಥ ನಂಬಿಕೆ ಇತ್ತು ಎಂದರೆ, ಅದನ್ನು ನೋಡಿಯೇ ನನಗೆ ಸಿಟ್ಟು ಬಂತು.

"ಮಾಗಿದ ಪೇರಲ ಹಣ್ಣು," ಅಂದೆ. "ಎಲ್ಲಾಕಿಂತ ಇದ ಚೊಲೋ ಐತಿ."

ಅವನು ಬರೆದುಕೊಂಡ. ನನ್ನ ತಲೆ ಸವರಿದ. ಐದರ ಬಸ್ಸಿಗೆ ಹೋದ.

ದೀಪಾವಳಿಗೆ ಮುಂಚೆ ಅವ್ವ ಮೌಶಿಗೆ ಫೋನಿನಲ್ಲಿ ಹೇಳಿದ್ದು ನನಗೂ ಕೇಳಿಸಿತು. ಒಂದು ಟ್ಯಾಂಕಿನ ಮಾಲು ಇನ್ನೊಂದಕ್ಕೆ ಕೂಡಿಸಿ ಎರಡೂ ಕೆಟ್ಟವಂತೆ. ಹೊರದೇಶದ ಸಲಹೆಗಾರ ಬಂದವನು ಲೋಟ ಮೂಗಿಗೆ ಹಿಡಿದು ಹಾಗೆಯೇ ಕೆಳಗಿಟ್ಟನಂತೆ. ಭಾವುಸಾಹೇಬರು ಅಪ್ಪನನ್ನು ತೆಗೆದು ಹಾಕಲಿಲ್ಲ, ಹಳೆಯ ಗೆಳೆತನ. ಒಳಗಿನ ಉಸ್ತುವಾರಿಯಿಂದ ತಪ್ಪಿಸಿ ಗೇಟಿನ ಹತ್ತಿರ ದ್ರಾಕ್ಷಿ ತೂಕ ಮಾಡುವಲ್ಲಿ ನಿಲ್ಲಿಸಿದರು. ಮೊದಲು ನನಗೆ ಖುಷಿಯಾಯಿತು. ಆದರೆ ಊಟಕ್ಕೆ ಕೂತಾಗ, ತೆಳ್ಳನೆಯ ಲೋಟ ಹಿಡಿದವರ ನಡುವೆ ನಿಲ್ಲುತ್ತಿದ್ದ ಅಪ್ಪ ಈಗ ಬಿಸಿಲಲ್ಲಿ ಕ್ರೇಟುಗಳ ನಡುವೆ ನಿಂತಿರುವುದು ಕಣ್ಣ ಮುಂದೆ ಬಂತು. ಅದನ್ನು ಮಾಡಿದವಳು ನಾನು. ಯಾರಿಗೂ ಹೇಳಲಾಗಲಿಲ್ಲ.

ದೀಪಾವಳಿಗೆ ಮನೆಗೆ ಹೋದಾಗ ಅಪ್ಪ ನನ್ನ ಕೈಚೀಲ ಇಳಿಸಿಕೊಂಡ, ಬಸ್ಸು ತಡವಾಯಿತೇ ಎಂದು ಕೇಳಿದ. ಮರುದಿನ ಪೇಟೆಯಿಂದ ಪೇರಲ ಹಣ್ಣು ತಂದ. ತಾನೇ ಈಳಿಗೆ ಹಾಕಿಕೊಂಡು ಕೂತು, ನಾಲ್ಕು ಹೋಳು ಮಾಡಿ, ಉಪ್ಪುಖಾರ ಸವರಿ ತಟ್ಟೆಯನ್ನು ನನ್ನ ಮುಂದೆ ಸರಿಸಿದ. "ತಿನ್ನು," ಅಂದ. ಅಷ್ಟೇ. ಅದು ಸಿಟ್ಟೋ ಕ್ಷಮೆಯೋ ನನಗೆ ಇಂದಿಗೂ ಗೊತ್ತಾಗಿಲ್ಲ. ತಲೆ ಎತ್ತದೆ ಎಲ್ಲ ಹೋಳು ತಿಂದು ಮುಗಿಸಿದೆ. ಒಂದು ವರ್ಷ ಎಂದಿದ್ದದ್ದು ಎರಡಾಯಿತು, ಐದಾಯಿತು. ಶಾಲೆ ಮುಗಿಸಿ ಅಲ್ಲೇ ಕಾಲೇಜು ಸೇರಿದೆ. ಅಪ್ಪ ಅವ್ವನಿಗೆ ಹೇಳಲೇ ಇಲ್ಲ. ಹೇಳಲು ಕಾರಣವೂ ಉಳಿದಿರಲಿಲ್ಲ. ನಾನು ಬಾಟಲಿ ಕದ್ದ ಹುಡುಗಿಯಾಗಿಯೇ ಬೆಳೆದೆ. ನಮ್ಮ ಬಂಧುಗಳ ಮದುವೆ ಮುಂಜಿಗಳಲ್ಲಿ ಯಾರಾದರೂ ನನ್ನನ್ನು ವಿಶೇಷವಾಗಿ ನೋಡಿದರೆ, ಇವರಿಗೂ ಗೊತ್ತಿರಬಹುದು ಅನ್ನಿಸಿ ಬಾಯಿ ಮುಚ್ಚಿಕೊಂಡು ಕೂರುತ್ತಿದ್ದೆ.

ಓದು ಮುಗಿದು, ಔರಂಗಾಬಾದಿನ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿ, ಸ್ವಂತ ಬಾಡಿಗೆ ಕೋಣೆ ಮಾಡಿಕೊಂಡ ವರ್ಷ, ಎರಡು ದಿನಕ್ಕೆಂದು ನಾಶಿಕಕ್ಕೆ ಹೋಗಿದ್ದೆ. ಮಧ್ಯಾಹ್ನ ನಾನೂ ಅವ್ವನೂ ಕೆಳಗಿನ ಮನೆಯ ಫಿಲೋಮಿನಾ ಬಾಯಿಯವರನ್ನು ಮಾತಾಡಿಸಿ ಮೇಲೆ ಬಂದಾಗ ಮೆಟ್ಟಿಲಲ್ಲೇ ಗ್ಯಾಸಿನ ವಾಸನೆ ಹೊಡೆಯಿತು. ಒಳಗೆ ಅಪ್ಪ ಅಡಿಗೆಮನೆಯ ಬಾಗಿಲಿಗೆ ಒರಗಿ ಕೂತು ಪೇಪರು ಓದುತ್ತಿದ್ದ. ಒಲೆಯ ಕೊಳವೆ ಸಡಿಲಾಗಿ ಗ್ಯಾಸು ಸೋರುತ್ತಿತ್ತು. ಅವ್ವ ಓಡಿಹೋಗಿ ಸಿಲಿಂಡ್ರಿನ ಗುಂಡಿ ತಿರುಗಿಸಿ, ಕಿಟಕಿಗಳನ್ನು ತೆಗೆದು, ಅವನ ತೋಳು ಹಿಡಿದು ಹೊರಗಿನ ಗ್ಯಾಲರಿಯಲ್ಲಿ ಕೂರಿಸಿದಳು. ಬೈಯಲಿಲ್ಲ. ಒಳಗೆ ಬಂದು ಮೆಂತೆ ಸೊಪ್ಪಿನ ಕಟ್ಟು ಬಿಚ್ಚುತ್ತ, "ಅವರಿಗೇನು ಗೊತ್ತಾಗಬೇಕು ಪಾಪ. ನಾನ ಹೊರಗ ಹೋಗೂ ಮುಂದ ಬಂದ್ ಮಾಡಿ ಹೋಗಬೇಕಿತ್ತು," ಅಂದಳು.

ನಾನು ಅವಳೆದುರು ಕೂತೆ.

"ಅಪ್ಪಗ ವಾಸನಿ ಬರಂಗಿಲ್ಲಂತ ನಿನಗ ಯಾವಾಗಿಂದ ಗೊತ್ತು?"

"ಲಗ್ನಾದ ವರ್ಷಾನ ಗೊತ್ತಾತು. ಹಳಸಿದ ಸಾರು ಉಂಡು ಚೊಲೋ ಆಗೇತಿ ಅಂದ್ರು. ಮುಚ್ಚಿಟ್ಟಕೊಂಡಾರ, ಮುಚ್ಚಿಟ್ಟಕೊಳ್ಳಿ ಅಂತ ನಾನೂ ಬಿಟ್ಟೆ."

"ಹಂಗಾರ ಆ ಬಾಟ್ಲಿ?"

ಅವಳು ಎಲೆ ಬಿಡಿಸುವುದನ್ನು ನಿಲ್ಲಿಸಲಿಲ್ಲ. "ಆ ಖಾನ್ಯಾಗ ಅವರ ನೋಟ್‌ಬುಕ್ಕೂ ಇತ್ತು. ಗುರೆಳ್ಳ ಹಿಂಡಿ, ಬೆಣ್ಣಿ ಗಸಿ ಅಂತ ಬರದಿದ್ರು. ಅದು ಯಾರ ಮೂಗು ಅಂತ ನನಗ ತಿಳೀಲಿಲ್ಲೇನ?"

ಹೊರಗೆ ಅಪ್ಪ ಪೇಪರಿನ ಹಾಳೆ ತಿರುಗಿಸಿದ ಸದ್ದಾಯಿತು.

"ಗೊತ್ತಿದ್ದೂ ನನ್ನ ಕಳಿಸಿದಿ?"

ಅವ್ವ ಸೊಪ್ಪು ಕೆಳಗಿಟ್ಟಳು. ಸೆರಗಿನಿಂದ ಬೆರಳು ಒರೆಸಿಕೊಂಡಳು.

"ಅವರು ಲಿಂಗದ ಮ್ಯಾಲೆ ಕೈ ಇಟ್ಟು ಮಾತು ಕೊಟ್ಟಿದ್ರು, ಅಶು. ಅದು ಸುಳ್ಳಂತ ನಾ ಬಾಯಿ ಬಿಟ್ಟು ಅಂದಿದ್ರ, ಮರುದಿನ ಅವರ ತಾಟಿಗೆ ಹೆಂಗ ರೊಟ್ಟಿ ಹಾಕಬೇಕಿತ್ತು? ನಿನ್ನ ಅವರ ಕೈಯಾಗ ಬಿಡಾಕೂ ಬರತಿದ್ದಿಲ್ಲ. ಯಾರನ್ನರೆ ಒಬ್ಬರನ್ನ ಕಳಿಸಬೇಕಿತ್ತು. ಅವರನ್ನ ಕಳಿಸಾಕ ಆಗತಿದ್ದಿಲ್ಲ."

ಪಂಚಮಿಯ ದಿನದ ನನ್ನ ಮಾತು ನಾಲಿಗೆಯ ತುದಿಗೆ ಬಂತು. ಹೇಳಲಿಲ್ಲ. ಅವರಿಬ್ಬರೂ ಇಷ್ಟು ವರ್ಷ ಒಂದೊಂದನ್ನು ಇಟ್ಟುಕೊಂಡು ಬದುಕಿದ್ದರು, ನನ್ನದೂ ಒಂದು ನನ್ನ ಹತ್ತಿರವೇ ಇರಲಿ ಅನ್ನಿಸಿತು. ಎದ್ದು ಹೋಗಿ ಬಟ್ಟೆ ಚೀಲಕ್ಕೆ ತುಂಬಿದೆ. ಅವ್ವ ಕೋಣೆಯ ಬಾಗಿಲಿಗೆ ಬಂದು ನಿಂತಳು. ಅವಳ ಹಿಂದೆ, ಪೇಪರನ್ನು ಎದೆಗೆ ಹಿಡಿದುಕೊಂಡು ಅಪ್ಪನೂ ಬಂದು ನಿಂತ. ಅವನು ಎಷ್ಟು ಕೇಳಿಸಿಕೊಂಡಿದ್ದನೋ ತಿಳಿಯದು.

"ನಾಳೆ ತನಕ ಇರತೀನಿ ಅಂದಿದ್ದೆಲ್ಲ," ಅವ್ವ ಕೇಳಿದಳು. "ಈಗ ಎಲ್ಲಿಗೆ ಹೊಂಟಿ?"

"ಮನಿಗೆ," ಅಂದೆ.